ಸುಂದ್ರವ್ವನ ಹಿಂದ ಕುಂತಾಂವ

ಏ ಶೀಲಾವತಿ, ಕತ್ತಲ ಮೆಟ್ಟಲದಾಗ ಇಣಿಕಿ ಹಂಗ 'ರೀ... ರೀ...' ಅಂತ ಒದರಬ್ಯಾಡವಾ! ಲೈಟ್ ಹೋದ್ರ ಏನಾತು, ನಿನ್ನ ಗಂಡಗ ತನ್ನ ಖೋಲಿ ಗೊತ್ತಿಲ್ಲೇನ? ಒಳಗ ಬಾ, ಇವರೆಲ್ಲಾರ ಜೋಡಿ ಕುಂದ್ರು. ಕಂದೀಲ ಸಣ್ಣ ಮಾಡು. ನಮ್ಮ ಸುಂದ್ರವ್ವಗ ಏನಾತು ಹೇಳ್ತೀನಿ. ನಗೂದಿದ್ರ ಈಗs ಎದ್ದ ಹೋಗು.

ಸುಂದ್ರವ್ವ ಮುಲುಂಡಿನ ಈ ಚಾಳಿಗೇ ಸೊಸಿಯಾಗಿ ಬಂದಾಕಿ. ಗಂಡ ಬಂಡೆಪ್ಪ, ವಿಕ್ರೋಳಿ ಕಾರಖಾನ್ಯಾಗ ಫಿಟ್ಟರ್. ಇರೂದೊಂದ ಖೋಲಿ, ಅದರಾಗ ಅತ್ತಿ, ಮಾವ, ಮೈದುನರು... ಗಂಡ-ಹೆಂಡ್ತಿ ಎರಡ ಮಾತಾಡಬೇಕಂದ್ರ ನಳದ ಮುಂದ ನಿಂದ್ರಬೇಕು. ಅದಕ್ಕ ಹೋದ ದೀಪಾವಳಿ ರಜಾದಾಗ ಬಂಡೆಪ್ಪ ಸೈಕಲ್ ಬಾಡಿಗಿ ಕೊಡೂ ದೂಜನ ಅಂಗಡ್ಯಾಗ ಎರಡ ಸೈಕಲ್ ಬಾಡಿಗಿ ಹಿಡದ. ಠಾಣೆ ದಾಟಿ, ಘೋಡಬಂದರ್ ರಸ್ತಾ ಹಿಡದು, ಖಾಡಿ, ಅಂದ್ರ ಒಳಗ ನುಗ್ಗಿದ ಸಮುದ್ರದ ನೀರು, ನೋಡ್ಕೋತ, ದಹಿಸರದಾಗಿರೂ ತನ್ನ ಅಕ್ಕ ದೇವಕ್ಕನ ಮನಿಗೆ ಹೋಗೂದಂತ. ಇಳಕಲ್ ಸೀರಿ ಕಚ್ಚಿ ಹಾಕ್ಕೊಂಡು ಅಕಿ ಪೆಡಲ್ ತುಳಿಯೂದ ನೋಡಾಕ ಇಡೀ ಚಾಳ ಗ್ಯಾಲರಿಗೆ ಬಂದು ನಕ್ಕಿತು. ನಗಲಿ! ಅಕಿ ಅಷ್ಟ ಖುಷಿಯಾಗಿದ್ದದ್ದ ನಾ ಮತ್ತ ನೋಡಿಲ್ಲ.

ಖಾಡಿ ದಂಡ್ಯಾಗ ಕುಂತು ರೊಟ್ಟಿ, ಶೇಂಗಾ ಚಟ್ನಿ ತಿಂದ್ರು. ಮಾತ ಮುಗೀಲಿಲ್ಲ, ಹೊತ್ತ ಮುಳುಗಿತು. ಎರಡೂ ಕಡೆ ಅಡವಿ. ಬೆಳಕಂದ್ರ ಡೈನಮೋ ದೀಪದ್ದಷ್ಟ... ಗಾಲಿ ತಿರಗಿದ್ರ ಗೊಂಯ್ಯ್... ನಿಂತ್ರ ಗವ್ವಗತ್ತಲ.

ಖಡಲ್! ಬಂಡೆಪ್ಪನ ಚೈನ್ ಬಿತ್ತು.

"ನೀ ಇಳೀಬ್ಯಾಡ, ಮತ್ತ ಏರಾಕ ಬರೂದಿಲ್ಲ ನಿನಗ. ಸಾವಕಾಶ ತುಳ್ಕೋತ ನಡಿ. ಚೈನ್ ಹಾಕ್ಕೊಂಡ ಬಂದೆ," ಅಂದ.

ಅಕಿ ತುಳ್ಕೋತ ಮುಂದ ಹೋದ್ಲು. ಮುಂದೊಂದ ಆಲದ ಗಿಡ, ಅದರ ಬುಡಕ ಬಾವಿ. ಗಾಳಿ ಇಲ್ಲ, ಏನಿಲ್ಲ... ಬಾವಿಯ ನೀರ ಸೇದೂ ಗಡಗಡಿ ಕಿರ್ರ್... ಕಿರ್ರ್... ಅಂತಿತ್ತು. ಹಿಂದ ಗಂಡನ ಡೈನಮೋ ಕೇಳವಲ್ದು. ಕರೀಬೇಕು. ಹೆಸರ ಹಿಡದ ಹೆಂಗ ಕರಿಯೂದು? ಗಂಡನ ಹೆಸರ ಹೇಳಿದ್ರ ಅವನ ಆಯುಷ್ಯ ಕಡಿಮಿ ಆಕ್ಕೈತಿ ಅಂತ ನಮಗೆಲ್ಲ ಹೇಳೇ ಬೆಳಿಸ್ಯಾರಲ್ಲ.

"ರೀ..." ಅಂದ್ಲು.

"ಓ..."

ಬಾವಿ ಕಡಿಂದ. ಚೈನಿನ ಎಣ್ಣಿ ಹತ್ತಿದ ಕೈ ತೊಳಿಯಾಕ ಹೋಗ್ಯಾನ ಅನ್ಕೊಂಡ್ಲು ಹುಚ್ಚಿ. "ಲಗೂನ ಬರ್ರೀ!"

"ಬಂದೆ..."

ಪಚಕ್... ಪಚಕ್... ತೊಯ್ದ ಕಾಲಿನ ಸಪ್ಪಳ. ಕ್ಯಾರಿಯರ್ ಧಡಕ್ಕನ ಕೆಳಗ ಜಗ್ಗಿತು. ಒಂದ ಕೈ ಬಂದು ಅಕಿ ನಡ ಹಿಡೀತು. ಥಣ್ಣಗ.

"ನಿಮ್ಮ ಸೈಕಲ್ ಎಲ್ಲೈತ್ರೀ?"

ನಡ ಹಿಡದ ಕೈ ಇನ್ನೂ ಬಿಗೀತು. ಆವಾಗ... ದೂರದಾಗ, ಹಿಂದ... ಗೊಂಯ್ಯ್... ಟ್ರಿಣ್ ಟ್ರಿಣ್... ಬಂಡೆಪ್ಪ!

ಅಕಿ ಬೆನ್ನಿಗೆ ಬಾಯಿ ಹಚ್ಚಿ ಅದು ಪಿಸುಗುಟ್ಟಿತು: "ಹಿಂದ ಬರಾಂವ ಯಾವಾಂವ?"

ಸೈಕಲ್ ಉರುಳಿತು, ಸುಂದ್ರವ್ವ ಉರುಳಿದ್ಲು. ಎದ್ದ ನೋಡೂದ್ರಾಗ ಅದು ಬಂಡೆಪ್ಪನ್ನ ಕೆಡವಿತ್ತು. ಜುಟ್ಟ ಹಿಡದು ಅವನ ಮಾರಿ ಮಡ್‌ಗಾರ್ಡಿಗೆ ಬಡೀತು. ಖಣ್! ಮತ್ತ ಖಣ್! ಹಲ್ಲ ಲಟಕ್ ಅಂದ್ವು. ಅವ ಈಗಷ್ಟ ಹಾಕಿದ್ದ ಚೈನ್ ಕಿತ್ತು ಕುತ್ತಿಗಿಗೆ ಸುತ್ತಿತು. ಬಿದ್ದ ಸೈಕಲ್ಲಿನ ಗಾಲಿ ಇನ್ನೂ ತಿರಗ್ತಿತ್ತು. ಆ ದೀಪದಾಗ ಸುಂದ್ರವ್ವ ಅದನ್ನ ನೋಡಿದ್ಲು. ಅದರ ಕುತ್ತಿಗಿನೂ ಯಾರೋ ಅರ್ಧ ಕೊಯ್ದಿದ್ರು. ಗಾಲಿ ನಿಂತಿತು. ಕತ್ತಲ.

ಅಕಿ ಕಲ್ಲ ತಗೊಂಡು ಜಪ್ಪಿದ್ಲು. ಕೆಸರಿಗೆ ಬಡದಂಗ ಪಚಕ್ ಅಂತು. "ಬಿಡು! ಅವರು ನನ್ನ ಗಂಡ!"

"ಗಂಡ ನಾ. ನೀ ಕರದಿ."

"ನಾ ಅವರನ್ನ ಕರದ್ನಿ!"

"ಅವರಂದ್ರ ಯಾರು? ಹೆಸರ ಹೇಳು."

ಟಕ್... ಟಕ್... ಚೈನ್ ಬಿಗೀತಿತ್ತು. ಬಂಡೆಪ್ಪನ ಗಂಟಲಾಗ ಗೊರ್ರ್... ಗೊರ್ರ್... ಹೇಳಿದ್ರ ಗಂಡನ ಆಯುಷ್ಯ ಹೋಗ್ತದ, ಹೇಳದಿದ್ರ ಗಂಡನ ಜೀವಾನs ಹೋಗ್ತದ. ಎಂಥಾ ಸಂಕಟ ನೋಡ್ರೆವ್ವಾ! ಆ ಹೆಸರ ಅಕಿ ಹೇಳಿದ್ದ ಒಮ್ಮೆ, ಮದುವ್ಯಾಗ ಹೊಸ್ತಿಲದಾಗ ನಿಂದ್ರಿಸಿ ಗಂಡನ ಹೆಸರ ಕೂಡಿಸಿ ಒಡಪ ಹಾಕಿಸಿದಾಗ.

"ಬಂಡೆಪ್ಪಾ!" ಅಂತ ಚೀರಿದ್ಲು. "ನನ್ನ ಗಂಡ ಬಂಡೆಪ್ಪ!"

ಝಣ್ ಅಂತ ಚೈನ್ ಕೆಳಗ ಬಿತ್ತು.

ಅದು ಸುಂದ್ರವ್ವನ ಕಿವಿ ಹತ್ರ ಬಂತು. ಅಳೂ ದನಿ.

"ಹಂಗಾರ... ನನ್ನ ಹೆಸರೇನವಾ? ನಮ್ಮಾಕಿ ಹೆಸರ ಹಿಡದು ಒಮ್ಮೆನೂ ಕರೀಲಿಲ್ಲ."

ಪಚಕ್... ಪಚಕ್... ಆಮ್ಯಾಲ ಬಾವ್ಯಾಗ ದುಡುಂ!

ಬಂಡೆಪ್ಪ ಉಳಕೊಂಡ. ಮುಂದಿನ ಹಲ್ಲಿಲ್ಲ, ಕುತ್ತಿಗಿ ಸುತ್ತ ಚೈನಿನ ಗುರುತ ಐತಿ. ಸೈಕಲ್ ಮ್ಯಾಲಿಂದ ಬಿದ್ದೆ ಅಂತಾನ. ಗಂಡಸರು ಮತ್ತೇನಂದಾರು? ಸುಂದ್ರವ್ವ ಮಾತ್ರ ಈಗ ಇಡೀ ಚಾಳಿಗೆ ಕೇಳೂ ಹಂಗ 'ಬಂಡೆಪ್ಪಾ' ಅಂತ ಕರೀತಾಳ. ಅತ್ತಿ 'ಗಂಡನ್ನ ನುಂಗಾಕಿ' ಅಂತ ಬೈತಾಳ. ಬೈಲಿ.

ಸುಳ್ಳಂತೀರೇನ? ದೂಜನ ಅಂಗಡಿಗೆ ಹೋಗ್ರಿ. ಆ ಲೇಡೀಸ್ ಸೈಕಲ್ ಹಿಂದಿನ ಗ್ವಾಡಿಗೆ ನೇತಹಾಕ್ಯಾನ, ಯಾರಿಗೂ ಕೊಡೂದಿಲ್ಲ. ಈಗ ಬ್ಯಾಸಗಿ ಹೌದಲ್ಲ, ಹನಿ ಮಳಿ ಇಲ್ಲ. ದಿನಾ ಮುಂಜಾನೆ ಅರಿವಿ ತಗೊಂಡು ಅದರ ಕ್ಯಾರಿಯರ್ ಒರಸ್ತಾನ. ನಾನs ಮುಟ್ಟಿ ನೋಡೇನಿ, ತೊಯ್ದಿತ್ತು.