ಒಂದು ಡಬ್ಬಿ ಕ್ರೀಮು, ಎರಡು ಫೋನು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನಲ್ಲಿಲ್ಲದ ಗುಣಗಳನ್ನೆಲ್ಲ ಹುಡುಕಿ ಹೊಗಳಿದ ಅತಿಥಿಗಳೇ, ಊಟದ ಘಮ ಬಂದರೂ ಎದ್ದು ಹೋಗದ ಸಭಿಕರೇ,

ಇಂದು ನಿವೃತ್ತನಾಗುವವರೆಗೆ ಈ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಮುಖಕ್ಕೆ ಹಚ್ಚುವ ಹೊಸ ಕ್ರೀಮಿಗೆ ಬೇಕೆಂದೇ ಬ್ಯಾಕ್ಟೀರಿಯಾ, ಬೂಷ್ಟು ಬಿಟ್ಟು, ಅದು ಕೆಡದಂತೆ ಹಾಕಿದ ಸಂರಕ್ಷಕ ಅವನ್ನು ಕೊಲ್ಲುತ್ತದೆಯೇ ಎಂದು ತಿಂಗಳಿಡೀ ಕಾಯುವುದು. ಮಾಲು ಕೆಡಿಸಲೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದು ನನ್ನೊಬ್ಬನನ್ನೇ!

ಎಲ್ಲರೂ ಕೇಳುತ್ತಾರೆ: ಕೃತಕ ಸಂರಕ್ಷಕ ಒಳ್ಳೆಯದೋ, ನೈಸರ್ಗಿಕವೋ? ಬೂಷ್ಟು ಹಾಗೆಲ್ಲ ವಿಚಾರಿಸುತ್ತದೆಯೇ? ಗಿಡದಿಂದ ತೆಗೆದದ್ದೂ ಚರ್ಮ ಉರಿಸಬಹುದು. ಕಾರ್ಖಾನೆಯಲ್ಲಿ ಮಾಡಿದ್ದೂ ಅಳತೆ ಮೀರಿದರೆ ಕಾಡಬಹುದು. ಪರೀಕ್ಷೆ ಮಾಡದೆ ಯಾವುದನ್ನೂ ನಂಬಬೇಡಿ. ನನ್ನ ಮಗಳಿಗೂ ಇದನ್ನೇ ಹೇಳಿದ್ದೆ.

ಅವಳು ಸಂರಕ್ಷಕವೇ ಇಲ್ಲದ ಕ್ರೀಮು ಮಾಡಿ ಅಂಗಡಿ ತೆರೆದಳು. ಮೊದಲ ದಿನವೇ, ಗಿರಾಕಿಗಳ ಮುಂದೆ, ಡಬ್ಬಿ ತೆರೆದು ಮೂಸಿ, "ಇದು ಕೆಟ್ಟಿದೆ, ಯಾರೂ ಹಚ್ಕೋಬೇಡಿ" ಅಂದೆ. ಕೆಟ್ಟೇ ಇತ್ತು. ಸುಮ್ಮನಿರಬೇಕಿತ್ತೇ? ಯಾರದಾದರೂ ಕಣ್ಣಿಗೆ ಸೋಂಕು ತಗುಲಿದ್ದರೆ?

"ಒಳಗೆ ಕರೆದು ಹೇಳ್ಬಹುದಿತ್ತಲ್ಲಪ್ಪ" ಅಂದಳು. ಆಮೇಲೆ ಮನೆಗೆ ಬಂದಿಲ್ಲ. ಅವಳಮ್ಮ ಇದ್ದಿದ್ದರೆ ಇಬ್ಬರಿಗೂ ಬೈದು ಒಂದು ಮಾಡುತ್ತಿದ್ದಳು.

ಅವಳು ಬರಲಿಲ್ಲ, ಅವಳ ಕ್ರೀಮು ಬರತೊಡಗಿತು. ಈಗ ಅವಳೂ ಸಂರಕ್ಷಕ ಹಾಕುತ್ತಾಳೆ, ಒಮ್ಮೆ ಗಿಡದ್ದು, ಒಮ್ಮೆ ಕೃತಕ. ಹೊಸದಾಗಿ ಏನೇ ಮಾಡಿದರೂ ಶುಲ್ಕ ಕಟ್ಟಿ ಪರೀಕ್ಷೆಗೆ ನಮ್ಮಲ್ಲಿಗೇ ಕಳಿಸುತ್ತಾಳೆ. ಬೇರೆ ಪ್ರಯೋಗಾಲಯಗಳಿಲ್ಲವೇ? ಫಲಿತಾಂಶವನ್ನು ನಾನೇ ಫೋನಿನಲ್ಲಿ ಹೇಳುತ್ತೇನೆ. "ಪಾಸಾಗಿದೆ ಕಣಮ್ಮ." "ಸರಿ ಅಪ್ಪ." ಅಷ್ಟೇ ಮಾತು.

ಒಂದು ಗುಟ್ಟು ಹೇಳಿಬಿಡುತ್ತೇನೆ, ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ಬ್ಯಾಕ್ಟೀರಿಯಾದ ಫಲಿತಾಂಶ ಒಂದು ದಿನ, ಬೂಷ್ಟಿನದು ಇನ್ನೊಂದು ದಿನ ಹೇಳುತ್ತಿದ್ದೆ. ಒಂದೇ ಸಲಕ್ಕೆ ಮುಗಿಸಿದರೆ, ಅವಳ ದನಿ ಕೇಳಲು ಮುಂದಿನ ಕ್ರೀಮಿನವರೆಗೆ ಕಾಯಬೇಕಲ್ಲ! ಅವಳಿಗೂ ಗೊತ್ತಿತ್ತೇನೋ. ಎರಡನ್ನೂ ಒಟ್ಟಿಗೆ ಹೇಳಿ ಎಂದು ಒಮ್ಮೆಯೂ ಅನ್ನಲಿಲ್ಲ. ಮನೆಯಲ್ಲಿ ನಾನೊಬ್ಬನೇ, ಫೋನು ಮಾಡಿ ಮಾತಾಡಲು ನನಗೆ ಬೇರೆ ಯಾರೂ ಇಲ್ಲ ನೋಡಿ.

ನನ್ನ ಜಾಗಕ್ಕೆ ಬಂದಿರುವ ತಂಗೀ, ಅವಳ ಡಬ್ಬಿಯೊಂದು ನಿನ್ನೆ ಬಂದಿದೆ. ಪರೀಕ್ಷೆ ನೀನೇ ಮಾಡಮ್ಮ, ನನಗಿಂತ ಚೆನ್ನಾಗಿ ಮಾಡುತ್ತೀಯ. ಫಲಿತಾಂಶ ನನಗೆ ತಿಳಿಸು, ಫೋನು ಮಾತ್ರ ನಾನೇ ಮಾಡುತ್ತೇನೆ. ನಾನು ನಿವೃತ್ತನಾದದ್ದನ್ನು ಅವಳಿಗೆ ಹೇಳಿಲ್ಲ.

ಸಭಿಕರೇ, ದಯವಿಟ್ಟು ನೀವೂ ಯಾರೂ ಹೇಳಬೇಡಿ. ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.