ರುಮಾಲು ತೆಗಿ ಅನ್ನಲಾರದ ಗೆಳೆಯ

ನಿನ್ನೆಯ ಪ್ರವಚನದಲ್ಲಿ ದಾಕ್ಷಿಣ್ಯದ ವಿಷಯಕ್ಕೆ ಬಂದು ನಿಂತಿದ್ದೆವು. ಇವತ್ತು ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಹಿಂದೆ ಕೂತ ತಾಯಂದಿರಿಗೂ ಕೇಳಿಸುತ್ತಿದೆಯಲ್ಲ? ಸರಿ.

ಹೊಳೆಯ ಈಚೆ ದಂಡೆಗೆ ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಬೇಳೆ ಮಿಲ್ಲಿನ ಮಾಲೀಕ, ಸಂಗನಬಸಪ್ಪ ಅಂತ ಹೆಸರು. ಶ್ರೀಮಂತ ಅಂದ ಕೂಡಲೇ ಇವನು ಕೆಟ್ಟವನಿರಬೇಕು ಅಂತ ನೀವಾಗಲೇ ತೀರ್ಮಾನ ಮಾಡಿದಿರಿ, ನನಗೆ ಗೊತ್ತು. ಪ್ರವಚನದ ಕಥೆಗಳಲ್ಲಿ ಶ್ರೀಮಂತರಿಗೆ ಬಹಳ ಅನ್ಯಾಯ ಆಗಿದೆ! ಇವನು ಒಳ್ಳೆಯವನು, ಕೊಡುಗೈಯವನು. ಇವನಿಗಿದ್ದ ತೊಂದರೆ ಒಂದೇ. ಯಾರಿಗೂ ಒಂದು ಬಿರುಸು ಮಾತು ಆಡಲಾರ, ಯಾರ ಮನಸ್ಸನ್ನೂ ನೋಯಿಸಲಾರ.

ಅರವತ್ತೊಂದನೆಯ ವಯಸ್ಸಿಗೆ ಸಂಗನಬಸಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ಸೈಕಲ್ ತುಳಿಯಿರಿ ಅಂದರು ಡಾಕ್ಟರು. ಒಬ್ಬನೇ ತುಳಿಯಲು ಬೇಸರವಾಗಿ ಊರಲ್ಲೊಂದು ಸೈಕಲ್ ಸಂಘ ಕಟ್ಟಿದ. ಇಪ್ಪತ್ತು ಇಪ್ಪತ್ತೆರಡು ಜನ ಕೂಡಿದರು. ಪ್ರತಿ ಭಾನುವಾರ ಬೆಳಕು ಹರಿಯುವಾಗ ಹನುಮಪ್ಪನ ಗುಡಿಯ ಮುಂದೆ ಸೇರಿ, ಒಬ್ಬರ ಹಿಂದೆ ಒಬ್ಬರು ಸಾಲು ಹಿಡಿದು, ಕಾಲುವೆ ರಸ್ತೆಯಲ್ಲಿ ಹೋಗಿ ಬರುವುದು. ಸಂಘಕ್ಕೆ ಮೊದಲು ಸೇರಿದವನು ಮುರಿಗೆಪ್ಪ. ಸಂಗನಬಸಪ್ಪನ ಜೊತೆ ಒಂದೇ ಹಲಗೆಯ ಮೇಲೆ ಕೂತು ಸಾಲೆ ಕಲಿತವನು. ಪೋಸ್ಟ್‌ಮ್ಯಾನ್ ಆಗಿ ನಿವೃತ್ತನಾದವನು, ತಲೆಗೆ ಸದಾ ಬಿಳಿ ರುಮಾಲು.

ಸಂಘದಲ್ಲಿ ಸುವರ್ಣಾ ಅಂತ ಒಬ್ಬ ಟೀಚರ್ ಇದ್ದರು. ಒಂದು ದಿನ ಸಭೆಯಲ್ಲಿ ಎದ್ದು ನಿಂತರು.

"ಗುಂಪಿನ್ಯಾಗ ಬರೋರಿಗೆ ಹೆಲ್ಮೆಟ್ ಬೇಕ ಬೇಕು ಅಂತ ನಿಯಮ ಮಾಡೋಣ್ರಿ. ಇಲ್ಲಂದ್ರ ಆ ದಿವಸ ಅವರು ಮನ್ಯಾಗ."

ಒಬ್ಬ ನಕ್ಕ. "ಏನ್ರೀ ಟೀಚರ್, ನಾಳೆ ನಡಿಯಾಕೂ ಹಾಕ್ಕೋರಿ ಅಂತೀರೇನು?" ಎಲ್ಲರೂ ನಕ್ಕರು.

ಮುರಿಗೆಪ್ಪ ನಗಲಿಲ್ಲ. "ತಂಗಿ, ಮೂವತ್ತೆಂಟು ವರ್ಷ ಸೈಕಲ್ ಮ್ಯಾಲ ಟಪಾಲು ಹಂಚೀನಿ. ಒಂದು ಸಲಾನೂ ಬಿದ್ದಿಲ್ಲ. ಈಗ ರುಮಾಲು ತೆಗೆದಿಟ್ಟು ಆ ಡಬ್ಬಿ ಹಾಕ್ಕೊಂಡು ಊರಾಗ ತಿರುಗು ಅಂದ್ರ ನನ್ನ ಕಡೆ ಆಗಂಗಿಲ್ಲವಾ."

"ಕಾಕಾ, ಆವಾಗ ನೀವು ಒಬ್ಬರ ಇರತಿದ್ರಿ. ಇಲ್ಲಿ ಮುಂದೊಬ್ಬರು, ಹಿಂದೊಬ್ಬರು. ನೀವು ತಪ್ಪು ಮಾಡದಿದ್ರೂ ಇನ್ನೊಬ್ಬರ ತಪ್ಪಿಗೆ ನೀವು ಬೀಳತೀರಿ."

ನೋಡಿ, ಎಂಥ ಮಾತು! ಎಲ್ಲರೂ ಸಂಗನಬಸಪ್ಪನ ಮುಖ ನೋಡಿದರು. ಅವನಿಗೆ ಟೀಚರ್ ಹೇಳಿದ್ದು ನಿಜ ಅಂತ ಗೊತ್ತಾಯಿತು. ಗೊತ್ತಾಯಿತು, ಆದರೆ ಎದುರಿಗೆ ಕೂತವನು ಮುರಿಗೆಪ್ಪ. ನಮ್ಮ ಕಡೆ ಹಿರಿಯ ಮನುಷ್ಯನಿಗೆ ನಾಲ್ಕು ಜನರ ಎದುರು ರುಮಾಲು ತೆಗಿ ಅನ್ನುವುದುಂಟೇ? ಹೇಗೆ ಅಂದಾನು? ಬಾಯಿಗೆ ಬಂದ ಮಾತನ್ನು ನುಂಗಿಕೊಂಡ.

"ಹೆಲ್ಮೆಟ್ ಎಲ್ಲಾರಿಗೂ ನಾನ ಕೊಡಸ್ತೀನಿ. ಹಾಕ್ಕೊಳ್ಳೋದು ಬಿಡೋದು ಅವರವರ ಮನಸ್ಸು. ಕಡ್ಡಾಯ ಅನ್ನೋ ಮಾತು ಬ್ಯಾಡ."

ಚಪ್ಪಾಳೆ ಬಿತ್ತು. ಮುಂದಿನ ಭಾನುವಾರ ಎಲ್ಲರಿಗೂ ಕೆಂಪು ಹೆಲ್ಮೆಟ್ಟು ಬಂತು. ಹತ್ತು ಜನ ಹಾಕಿಕೊಂಡರು, ಉಳಿದವರು ಹ್ಯಾಂಡಲ್ಲಿಗೆ ನೇತುಹಾಕಿದರು. ಮುರಿಗೆಪ್ಪನ ಮನೆಯಲ್ಲಿ ಅವನ ಹೆಂಡತಿ ಅದರಲ್ಲಿ ಬೆಳ್ಳುಳ್ಳಿ ತುಂಬಿಟ್ಟಳು. ಸಂಗನಬಸಪ್ಪನಿಗೆ ಸಮಾಧಾನವಾಯಿತು. ಕೊಡುವುದನ್ನು ಕೊಟ್ಟೆ, ಯಾರಿಗೂ ಬೇಸರ ಮಾಡಲಿಲ್ಲ ಅಂದುಕೊಂಡ. ವಸ್ತು ಕೊಟ್ಟ, ಆಡಬೇಕಾಗಿದ್ದ ಮಾತನ್ನು ಆಡಲಿಲ್ಲ. ಇದನ್ನು ಗಮನದಲ್ಲಿಡಿ.

ನಾಲ್ಕು ತಿಂಗಳು ಕಳೆದವು. ಒಂದು ಭಾನುವಾರ ಕಾಲುವೆ ರಸ್ತೆ. ಸಂಗನಬಸಪ್ಪ ಮುಂದೆ, ಅವನ ಹಿಂದೆಯೇ ಮುರಿಗೆಪ್ಪ, ಗಾಲಿಗೆ ಗಾಲಿ ಹತ್ತಿರ. ಮುರಿಗೆಪ್ಪನ ಮೊಮ್ಮಗಳ ತೊಟ್ಟಿಲ ಶಾಸ್ತ್ರದ ಮಾತು ನಡೆದಿತ್ತು. ಜಾಲಿ ಮುಳ್ಳಿನ ಮರೆಯಿಂದ ಒಂದು ಆಡಿನ ಮರಿ ಚಂಗನೆ ರಸ್ತೆಗೆ ಹಾರಿತು. ಸಂಗನಬಸಪ್ಪ ಬ್ರೇಕ್ ಹಿಡಿದ. ಮುರಿಗೆಪ್ಪನ ಮುಂದಿನ ಗಾಲಿ ಅವನ ಹಿಂದಿನ ಗಾಲಿಗೆ ತಗುಲಿತು. ಜೋರಾಗಿಯೂ ಅಲ್ಲ, ಸುಮ್ಮನೆ ತಗುಲಿತು. ಮುರಿಗೆಪ್ಪ ಪಕ್ಕಕ್ಕೆ ವಾಲಿ ಬಿದ್ದ. ತಲೆ ಪಕ್ಕದ ಕಾಲುವೆ ಸೇತುವೆಯ ಕಟ್ಟೆಕಲ್ಲಿಗೆ ಬಡಿಯಿತು.

ಸಂಗನಬಸಪ್ಪ ಓಡಿ ಬಂದು ಮಂಡಿಯೂರಿದ. ರಕ್ತ ನಿಲ್ಲಿಸಲು ಬಟ್ಟೆ ಬೇಕಲ್ಲ? ಗೆಳೆಯನ ರುಮಾಲನ್ನೇ ಬಿಚ್ಚಿದ. ಯಾವುದನ್ನು ತೆಗಿ ಅನ್ನಲು ಬಾಯಿ ಬರಲಿಲ್ಲವೋ ಅದನ್ನೇ ತನ್ನ ಕೈಯಾರೆ ಬಿಚ್ಚಿದ, ಎಲ್ಲರ ಎದುರಿಗೆ, ನಡುರಸ್ತೆಯಲ್ಲಿ. "ಮುರಿಗಿ, ಏ ಮುರಿಗಿ, ಕಣ್ಣು ತೆಗಿಯೋ" ಅಂತ ಕೂಗಿದ. ಮುರಿಗೆಪ್ಪ ಕಣ್ಣು ತೆರೆಯಲಿಲ್ಲ.

ಒಂದು ತಿಂಗಳು ಆಸ್ಪತ್ರೆ. ಜೀವ ಉಳಿಯಿತು. ಆದರೆ ಮನೆಗೆ ಬಂದವನು ಬೇರೆಯೇ ಮುರಿಗೆಪ್ಪ. ಬಲಗೈ ಏಳುವುದಿಲ್ಲ. ಪಡಸಾಲೆಯಲ್ಲಿ ಕೂರಿಸಿದರೆ ಕೂತಿರುತ್ತಾನೆ, ಬಂದವರಿಗೆಲ್ಲ ನಗುತ್ತಾನೆ. ಯಾರು ಬಂದರು ಅನ್ನುವುದು ಗೊತ್ತಾಗುವುದಿಲ್ಲ. ಊರಿನ ಪ್ರತಿ ಬಾಗಿಲನ್ನೂ ಬಲ್ಲವನಿಗೆ ಹೆಂಡತಿಯ ಹೆಸರು ನೆನಪಿಗೆ ಹತ್ತುವುದಿಲ್ಲ.

ಸಂಗನಬಸಪ್ಪ ಅವನ ಮನೆಯ ಮೆಟ್ಟಿಲು ಹತ್ತಲು ಎಂಟು ದಿನ ಹೆದರಿದ. ಕೊನೆಗೆ ಹೋಗಿ ಮುರಿಗೆಪ್ಪನ ಹೆಂಡತಿಯ ಎದುರು ತಲೆ ತಗ್ಗಿಸಿ ನಿಂತ.

"ತಂಗಿ, ನಾ ಬ್ರೇಕ್ ಹಿಡೀಬಾರದಿತ್ತು."

ಆಕೆ ಬೈಯಲಿಲ್ಲ. "ಅಡ್ಡ ಬಂದ ಜೀವಕ್ಕ ಯಾರಾದರೂ ಬ್ರೇಕ್ ಹಿಡೀತಾರ ಅಣ್ಣಾರ. ಅದಕ್ಕ ನಾ ಏನೂ ಅನ್ನಂಗಿಲ್ಲ. ಆದರ ಇವರು ನನ್ನ ಮಾತು ಕೇಳತಿರಲಿಲ್ಲ, ಮಕ್ಕಳ ಮಾತು ಕೇಳತಿರಲಿಲ್ಲ. ಈ ಭೂಮಿ ಮ್ಯಾಲ ನಿಮ್ಮ ಮಾತು ಒಂದ ಕೇಳತಿದ್ದರು. ನೀವ್ಯಾಕ ಹೇಳಲಿಲ್ಲ?"

ಸಂಗನಬಸಪ್ಪ ಮನೆಗೆ ಬಂದು ಅತ್ತ. ಅದೇ ವಾರ ಸಭೆ ಕರೆದು ನಿಯಮ ಬರೆಸಿದ. ಹೆಲ್ಮೆಟ್ ಇಲ್ಲದವರು ಗುಂಪಿನಲ್ಲಿ ಬರುವಂತಿಲ್ಲ, ಯಾರೇ ಆಗಿರಲಿ.

ಬರೆಯುವುದು ಸುಲಭ. ಮುಂದಿನ ಭಾನುವಾರ ಗುಡಿಯ ಮುಂದೆ ಯಾರು ಬಂದು ನಿಂತರು ಗೊತ್ತೇ? ಬೀಗರು! ಮಗಳನ್ನು ಕೊಟ್ಟ ಮನೆಯ ಯಜಮಾನರು, ಹೊಸ ಸೈಕಲ್ ಮೇಲೆ, ಬರಿತಲೆಯಲ್ಲಿ. ಬೀಗರ ಮುಂದೆ ನಾವೆಲ್ಲ ಎಷ್ಟು ಬಾಗುತ್ತೇವೆ ಅಂತ ನಾನು ಹೇಳಬೇಕೇ?

"ಒಂದ ದಿನಕ್ಕ ಏನಾಗತೈತಿ ಬೀಗರ? ನಡೀರಿ" ಅಂದರು ಅವರು.

ಸಂಗನಬಸಪ್ಪ ಸೈಕಲ್ಲಿನಿಂದ ಇಳಿದು ಅವರ ಮುಂದೆ ಹೋಗಿ ನಿಂತ. ಕೈ ಮುಗಿದು ಅಂದ: "ನಿಮ್ಮ ಕಾಲಿಗೆ ಬೀಳತೀನಿ ಬೀಗರ, ಆದರ ಇವತ್ತ ನೀವು ಬರಂಗಿಲ್ಲ."

ಬೀಗರು ಸೈಕಲ್ ತಿರುಗಿಸಿ ಹೋದರು. ಮೂರು ತಿಂಗಳು ಮಾತಿಲ್ಲ. ಮಗಳು ಫೋನಿನಲ್ಲಿ ಅತ್ತಳು, ಹೆಂಡತಿ ಬೈದಳು. ಅವನು ಸಹಿಸಿಕೊಂಡ, ನಿಯಮ ಸಡಿಲಿಸಲಿಲ್ಲ. ಬೀಗರ ಸಿಟ್ಟು ಇಳಿಯಿತು, ಇವತ್ತಲ್ಲ ನಾಳೆ ಇಳಿಯಲೇಬೇಕು. ಮುರಿಗೆಪ್ಪ ಮಾತ್ರ ಇನ್ನೂ ಪಡಸಾಲೆಯಲ್ಲಿ ಹಾಗೆಯೇ ಕೂತಿದ್ದಾನೆ.

ಈಗ ಕಥೆ ಬಿಡಿ, ನಿಮ್ಮ ಹತ್ತಿರ ಬರುತ್ತೇನೆ. ಒಳಗೆ ಬರುವಾಗ ಗೇಟಿನ ಹೊರಗೆ ನಿಮ್ಮ ಗಾಡಿಗಳನ್ನು ನೋಡಿದೆ. ಹೆಲ್ಮೆಟ್ಟುಗಳು ಕನ್ನಡಿಗೆ ನೇತಾಡುತ್ತಿವೆ. ಯಾರಿಗೆ ಹಾಕಿದ್ದೀರಿ, ಕನ್ನಡಿಗೋ? ನಿಮ್ಮ ಮಾವ ಬರಿತಲೆಯಲ್ಲಿ ಹೊರಟಾಗ ತಡೆದಿದ್ದೀರಾ? ಸಾಹೇಬರಿಗೆ ಹೇಳಿದ್ದೀರಾ? ಬೇಸರ ಮಾಡಿಕೊಂಡಾರು ಅಂತ ಸುಮ್ಮನಿದ್ದೀರಿ. ನಿಮ್ಮ ಮಾತನ್ನು ಮಾತ್ರ ಕೇಳುವ ಒಬ್ಬರು ನಿಮ್ಮೆಲ್ಲರ ಬದುಕಿನಲ್ಲೂ ಇದ್ದಾರೆ. ನಾಳೆ ಬೆಳಗ್ಗೆ ಅವರು ಹೊಸ್ತಿಲು ದಾಟುವಾಗ ಗಾಡಿಯ ಕೀಲಿ ಕೈಯಲ್ಲಿ ಹಿಡಿದು ನಿಲ್ಲಿ. ಹಾಕಿಕೊಂಡರೆ ಕೀಲಿ, ಇಲ್ಲದಿದ್ದರೆ ಇಲ್ಲ. ಬೈದರೆ ಬೈಸಿಕೊಳ್ಳಿ. ಸಂಘ ಇದ್ದವರು ಸಂಘದಲ್ಲಿ ನಿಯಮ ಮಾಡಿ, ಅಧ್ಯಕ್ಷನಿಗೂ ಅದೇ, ಬೀಗನಿಗೂ ಅದೇ.

ಇನ್ನೊಂದು ಮಾತು, ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಮಠದಿಂದ ಇಲ್ಲಿಗೆ ಏಳು ಕಿಲೋಮೀಟರ್. ಐದು ದಿನದಿಂದ ನಿಮ್ಮ ಗಾಡಿಯ ಹಿಂದೆ ಕೂತು ಬರುತ್ತಿದ್ದೇನೆ, ತಲೆಗೆ ಈ ಕಾವಿ ಬಟ್ಟೆಯೊಂದೇ. ಇಳಿದ ಕೂಡಲೇ ನೂರು ಜನ ಕಾಲಿಗೆ ಬೀಳುತ್ತೀರಿ. ಒಬ್ಬರಾದರೂ "ಅಜ್ಜಾರ, ಹೆಲ್ಮೆಟ್ ಹಾಕ್ಕೋರಿ, ಇಲ್ಲಂದ್ರ ಗಾಡಿ ಹೊಡಿಯಂಗಿಲ್ಲ" ಅಂದಿರಾ? ನಾನೂ ಕೇಳಲಿಲ್ಲ, ತಪ್ಪು ನನ್ನದೂ ಇದೆ. ಆದರೆ ನನ್ನ ಪಾದದ ಮೇಲಿನ ಭಕ್ತಿ ಸ್ವಲ್ಪ ಮೇಲಕ್ಕೂ ಬರಲಿ ಅಂತ ಬೇಡುತ್ತೇನೆ.

ಇವತ್ತು ಮಂಗಳ ಆಮೇಲೆ ಹಾಡೋಣ. ಮೊದಲು ನಿಮ್ಮಲ್ಲಿ ಒಬ್ಬರು ಎದ್ದು ನಿಂತು ನನಗೆ ಆ ಮಾತು ಹೇಳಿ. ಜೋರಾಗಿ ಹೇಳಿ, ಎಲ್ಲರಿಗೂ ಕೇಳಲಿ. ನಾನು ಕಾಯುತ್ತೇನೆ.