ಹೊಲಿಗೆಯ ಹೊತ್ತಿನ ಹಾಡು

ಇಂಗ್ಲೆಂಡಿನ ಲೀಡ್ಸ್‌ನ ಆಸ್ಪತ್ರೆಯೊಂದರ ಕಾಫಿ ಕ್ಯೂನಲ್ಲಿ ಖುಷ್ನುಮಾಳ ಮುಂದೆಯೇ ನಿಂತಿದ್ದವರು ಡಾಕ್ಟರ್ ಅಚ್ಯುತ. ಅವಳ ಗಂಡನ ಹೃದಯದ ಆಪರೇಷನ್‌ಗೆ ಬೆಳಿಗ್ಗೆ ಸಹಿ ಹಾಕಿಸಿಕೊಳ್ಳುವಾಗ ಬರೀ ಇಂಗ್ಲಿಷ್ ಮಾತಾಡಿದ್ದ ಮನುಷ್ಯ, ಈಗ ಜೊತೆಗಿದ್ದ ಡಾಕ್ಟರಮ್ಮನ ಹತ್ತಿರ ಕನ್ನಡದಲ್ಲಿ ಹರಟುತ್ತಿದ್ದರು. ಹುಬ್ಬಳ್ಳಿಯ ಖುಷ್ನುಮಾ ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು.

“ಆಪರೇಷನ್ ಥಿಯೇಟರ್‌ನಲ್ಲಿ ಈಗಲೂ ಅದೇ ರಾಕ್ ಹಾಡಾ, ಅಚ್ಯುತ?”

“ಅದೇ. ಎಂಬತ್ತರ ದಶಕದ್ದು.”

“ಲಿಪ್‌ಸ್ಟಿಕ್ ಹಚ್ಕೊಂಡು, ಕೂದಲು ಕೆದರ್ಕೊಂಡು ಗಂಡಸರು ಪ್ರೀತಿಗೋಸ್ಕರ ಗೋಳಾಡ್ತಾರಲ್ಲ, ಅದು?”

“ನಗಬೇಡ. ಆಪರೇಷನ್ ಪೂರ್ತಿ ಮೌನ. ಎಲ್ಲಾ ಸರಿಹೋಯ್ತು ಅಂತ ಖಾತ್ರಿ ಆದ್ಮೇಲೇ, ಹೊಲಿಗೆ ಹಾಕೋವಾಗ ಆ ಹಾಡು.”

“ಖಾತ್ರಿ ಇಲ್ದಿದ್ರೆ?”

“ಹಾಡೇ ಇಲ್ಲ. ನರ್ಸ್‌ಗಳಿಗೂ ಗೊತ್ತು.”

“ಇವತ್ತು ಬೆಳಗಿನ ಕೇಸ್‌ಗೆ?”

“ಎರಡು ಸಲ ಹಾಕ್ಸಿದೆ! ಅವರ ಹೆಂಡತಿ ವೇಟಿಂಗ್ ರೂಮಲ್ಲಿರ್ತಾರೆ, ಈಗ್ಲೇ ಹೋಗಿ ಹೇಳ್ಬೇಕು.”

ಇಬ್ಬರೂ ಕಪ್ ಹಿಡಿದು ಲಿಫ್ಟಿನತ್ತ ನಡೆದರು. ಖುಷ್ನುಮಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಾ ಓಡಿದಳು. ಅಂಥ ಸುದ್ದಿ ಹೇಳುವ ಖುಷಿ ಆ ಡಾಕ್ಟರಿಗೇ ಸಲ್ಲಬೇಕು. ಅವರು ಬರುವಷ್ಟರಲ್ಲಿ ಅವಳು ಏನೂ ಗೊತ್ತಿಲ್ಲದವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿರಬೇಕು.